ನೀರಿನ ಕೆಳಗಿನ ಕಬ್ಬಿಣ
— ಅಂತಿಮ ಬಿ.ಎ. ವಿದ್ಯಾರ್ಥಿ

ಗೊರಗುಂಟೆಪಾಳ್ಯಕ್ಕೂ ಹಾಯಿದೋಣಿಗೂ ಎತ್ತಣ ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ನಮ್ಮ ಪಾಳ್ಯದಲ್ಲಿ ಕಡಲಿಲ್ಲ, ಹೊಳೆಯಿಲ್ಲ. ಜೋರು ಮಳೆ ಬಂದ ದಿನ ತುಮಕೂರು ರಸ್ತೆಯ ಕೂಡಿನಲ್ಲಿ ನಿಲ್ಲುವ ನೀರನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ದೋಣಿಗೆ ಸ್ವಲ್ಪ ಅವಕಾಶವುಂಟು. ಇಲ್ಲಿರುವುದೆಲ್ಲ ಕಬ್ಬಿಣವೇ. ಮೇಲೆ ಮೆಟ್ರೊ, ಅದರ ಜೊತೆಗೆ ಮೇಲುಸೇತುವೆ, ಕೆಳಗೆ ಲಾರಿಗಳ ಸಾಲು, ಆಚೆಗೆ ಪೀಣ್ಯದ ಕಾರ್ಖಾನೆಗಳು. ಈ ಕಬ್ಬಿಣಕ್ಕೆ ಬಣ್ಣ ಹೊಡೆದು ಬದುಕುವ ಸಾವಿರಾರು ಮಂದಿಯಲ್ಲಿ ನಮ್ಮ ತಂದೆಯೂ ಒಬ್ಬರು.

ನಮ್ಮ ತಂದೆ ಮಧುಗಿರಿಯ ಕಡೆಯವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಕಾರ್ಖಾನೆಯೊಂದರಲ್ಲಿ ಸಹಾಯಕರಾಗಿ ದುಡಿದು, ಈಗ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಗೇಟು, ಗ್ರಿಲ್ಲು, ಯಂತ್ರಗಳ ಚೌಕಟ್ಟು ಮೊದಲಾದವುಗಳ ತುಕ್ಕು ಬಿಡಿಸಿ ಬಣ್ಣ ಹೊಡೆಯುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಈ ಹೆಮ್ಮೆ ನನಗೆ ಎಷ್ಟರಮಟ್ಟಿಗೆ ಏರಿತ್ತೆಂದರೆ, ಮೊದಲ ವರ್ಷದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಅಂಕಣದ ಮುಂದೆ ‘ಸ್ವಂತ ಉದ್ಯಮ’ ಎಂದು ಬರೆದು, ಆ ಎರಡು ಪದಗಳ ಹಿಂದೆ ಅಪ್ಪನ ಕೆಂಪು ಕೈಗಳನ್ನು ಮರೆಮಾಡಿದ್ದೆ.

ಕಳೆದ ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಒಬ್ಬ ಮಹನೀಯರು ಗೂಡ್ಸ್ ಆಟೋದಲ್ಲಿ ಒಂದು ವಸ್ತುವನ್ನು ತಂದರು. ಇನ್ನೂರು ಕಿಲೋಗೆ ಕಡಿಮೆಯಿಲ್ಲದ ಎರಕದ ಕಬ್ಬಿಣ. ನೋಡುವುದಕ್ಕೆ ದೈತ್ಯನೊಬ್ಬನ ನೇಗಿಲ ಗುಳದಂತಿತ್ತು. ಮೈತುಂಬ ತುಕ್ಕಿನ ಹುಣ್ಣುಗಳು. ಅದನ್ನು ಇಳಿಸಲು ನಾಲ್ಕು ಆಳು ಮತ್ತು ಒಂದು ಚೈನ್ ಪುಲ್ಲಿ ಬೇಕಾದವು.

“ಇದು ಕೀಲ್” ಎಂದರು ಅವರು.

“ಯಾವುದರ ಕೀಲು ಸಾರ್? ಬಾಗಿಲದ್ದಾ, ಗಾಡೀದಾ?” ಎಂದರು ಅಪ್ಪ.

ಮಹನೀಯರು ನಕ್ಕು ವಿವರಿಸಿದರು. ಅದು ಹಾಯಿದೋಣಿಯ ಅಡಿಗಟ್ಟು. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಪಕ್ಕಕ್ಕೆ ಜಾರದಂತೆ ನೀರನ್ನು ಕಚ್ಚಿ ಹಿಡಿಯುವುದು ಇದೇ. ದೋಣಿ ವಾಲಿದಾಗ ತನ್ನ ಭಾರದಿಂದ ಮತ್ತೆ ನೆಟ್ಟಗೆ ನಿಲ್ಲಿಸುವುದೂ ಇದೇ. ಕಡಲಿನಲ್ಲಿ ಓಡಾಡಿದ ಹಳೆಯ ದೋಣಿಯೊಂದನ್ನು ಕೊಂಡು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಓಡಿಸಬೇಕೆಂಬುದು ಅವರ ಹವ್ಯಾಸ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಜಾತ್ರೇಲಿ ಮಾರ್ತಾರಲ್ಲ, ಎಷ್ಟು ಬೀಳ್ಸಿದ್ರೂ ಎದ್ದು ಕೂರೋ ಬೊಂಬೆ, ಅದರ ತಳ ಇದ್ದಂಗೆ” ಎಂದರು. ನೌಕಾಶಾಸ್ತ್ರದ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು!

ನಾನಾದರೋ ಕಾಲೇಜಿನ ಗ್ರಂಥಾಲಯಕ್ಕೆ ಓಡಿದೆ. ನಮ್ಮ ಸೇನೆಯ ಇಂಜಿನಿಯರುಗಳು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರಿಂದ 1987ರವರೆಗೆ ಭೂಮಂಡಲವನ್ನು ಸುತ್ತಿ ಬಂದುದನ್ನೂ, 2017–18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಗೋವೆಯಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ ಅದೇ ಸಾಹಸವನ್ನು ಮಾಡಿದುದನ್ನೂ ಓದಿದೆ. ಚಿತ್ರಗಳಲ್ಲಿ ಬಿಳಿಯ ಹಾಯಿ ಕಾಣುತ್ತಿತ್ತು, ನಗುವ ಮುಖಗಳು ಕಾಣುತ್ತಿದ್ದವು. ಅಡಿಯ ಭಾರ ಒಂದರಲ್ಲೂ ಕಾಣಲಿಲ್ಲ.

ಕೂಲಿ ನಿಗದಿಯಾಯಿತು. ಆ ಹಣದಲ್ಲೇ ನನ್ನ ಅಂತಿಮ ಪರೀಕ್ಷೆಯ ಶುಲ್ಕವೆಂದು ಮನೆಯಲ್ಲಿ ಗೊತ್ತಾಯಿತು. ಬಣ್ಣದ ಡಬ್ಬಿಗಳನ್ನು ಮಹನೀಯರೇ ಕೊಟ್ಟಿದ್ದರು: ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಅದನ್ನು ಓದಿ ಹೇಳುವ ಭಾಗ್ಯ ನನ್ನದು. ಗಾಳಿಯ ತೇವ ನೂರಕ್ಕೆ 85ನ್ನು ಮೀರಿರಬಾರದು, ಇಬ್ಬನಿ ಕಟ್ಟುವ ಉಷ್ಣತೆಗಿಂತ ಲೋಹ ಮೂರು ಡಿಗ್ರಿಯಾದರೂ ಬೆಚ್ಚಗಿರಬೇಕು, ಹೀಗೆಲ್ಲ. ನಾನು ಗಂಭೀರವಾಗಿ ಓದಿದೆ. ಅಪ್ಪ ಒದ್ದೆ ಬಟ್ಟೆಯಿಂದ ಕಬ್ಬಿಣದ ಮೇಲೆ ಒಂದು ಗೆರೆ ಒರೆಸಿ, “ಇದು ಕಾಲು ಗಂಟೆ ಒಳಗೆ ಆರಿದ್ರೆ ಹೊಡೀಬಹುದು, ಆರದಿದ್ರೆ ಬೇಡ. ನಿನ್ನ ಹಾಳೆ ಹೇಳೋದೂ ಇದೇ ತಾನೆ?” ಎಂದರು. ಹೌದೆನ್ನದೆ ಬೇರೆ ದಾರಿ ಇರಲಿಲ್ಲ.

ಕೆಲಸದ ಕ್ರಮವನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಮೊದಲು ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು; ಕಡಲಿನ ಉಪ್ಪು ತುಕ್ಕಿನ ಗುಳಿಗಳಲ್ಲಿ ಅಡಗಿ ಕುಳಿತಿರುತ್ತದೆ, ಉಪ್ಪು ಉಳಿದರೆ ಬಣ್ಣದ ಕೆಳಗೇ ತೇವವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಥಿನ್ನರಿನಿಂದ ಎಣ್ಣೆಜಿಡ್ಡನ್ನು ಒರೆಸಬೇಕು. ಜಿಡ್ಡಿರುವಾಗಲೇ ಉಜ್ಜಿದರೆ ಅದು ಹೋಗುವುದಿಲ್ಲ, ಮೈತುಂಬ ಹರಡುತ್ತದೆ. ಮೇಲಿನ ಬೋಲ್ಟುಗಳ ಮರೆಗಳು ಕೆಡದಂತೆ ಟೇಪು ಸುತ್ತಬೇಕು. ಅನಂತರ ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ, ಕಬ್ಬಿಣ ಬೂದುಬಿಳುಪಾಗಿ ಹೊಳೆಯುವವರೆಗೆ ತಿಕ್ಕಬೇಕು. ದೋಣಿಯ ಹಳೆಯ ಬಣ್ಣದಲ್ಲಿ ಪಾಚಿ, ಚಿಪ್ಪುಹುಳು ಹತ್ತದಂತೆ ವಿಷ ಬೆರೆಸಿರುತ್ತಾರೆ. ಅದರ ಧೂಳು ಎದೆಗೆ ಹೋಗಬಾರದು. ಅಪ್ಪನಿಗೆ ಮೂಗಿಗೆ ಟವಲು ಕಟ್ಟಿಯೇ ಅಭ್ಯಾಸ. ಎರಡು ಒಳ್ಳೆಯ ಮುಖಗವಸುಗಳನ್ನು ತಂದದ್ದು ನಾನು. ಈ ಕಥೆಯಲ್ಲಿ ನನ್ನ ವಿದ್ಯೆಯಿಂದಾದ ಉಪಕಾರ ಅದೊಂದೇ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಮುಂದಿನದು. ಹೊಳೆಯುವ ಕಬ್ಬಿಣಕ್ಕೆ ಆ ದಿನವೇ, ಕೆಲವೇ ಗಂಟೆಗಳೊಳಗೆ, ಮೊದಲ ಲೇಪ ಬೀಳಬೇಕು. ಮೈ ತೆರೆದ ಕಬ್ಬಿಣ ಗಾಳಿಯನ್ನೂ ತೇವವನ್ನೂ ಕಾಯುತ್ತಿರುತ್ತದೆ. ಒಂದು ರಾತ್ರಿ ಸಿಕ್ಕರೆ ಸಾಕು, ತುಕ್ಕು ಮರಳಿ ಬರುತ್ತದೆ.

ಒಂದು ಭಾನುವಾರ ಊರಿನಲ್ಲಿ ಸಾವಾಗಿ ಅಪ್ಪ ಅವಸರದಲ್ಲಿ ಹೊರಡಬೇಕಾಯಿತು. “ಉಜ್ಜಿದ್ದು ಮುಗಿದ ತಕ್ಷಣ ಧೂಳು ಒರೆಸಿ ಮೊದಲನೇ ಕೋಟು ಹೊಡೆದ್ಬಿಡು ಮಗಾ. ನಾಳೆಗೆ ಇಡಬೇಡ” ಎಂದು ಎರಡು ಸಲ ಹೇಳಿ ಹೋದರು. ಮಧ್ಯಾಹ್ನ ಮೂರಕ್ಕೆ ಕಬ್ಬಿಣ ಬೆಳ್ಳಿಯಂತಾಯಿತು. ನನ್ನ ಸಾಧನೆಯನ್ನು ಕಂಡು ನನಗೇ ಸಂತೋಷವಾಗಿ, ‘ಒಂದು ಗಂಟೆಯ ವಿಶ್ರಾಂತಿಗೆ ಏನು ಮೋಸ?’ ಎಂದುಕೊಂಡು ಗೆಳೆಯರೊಡನೆ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿಗೆ ಹೋದೆ. ಹಿಂತಿರುಗುವಾಗ ರಾತ್ರಿ ಎಂಟು, ಜಿಟಿಜಿಟಿ ಮಳೆ. ಶೆಡ್ಡಿನ ಬಾಗಿಲನ್ನೂ ತೆರೆಯದೆ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ನೋಡುತ್ತೇನೆ, ಬೆಳ್ಳಿಯ ಮೇಲೆ ಕಾಫಿಯ ಬಣ್ಣದ ತೆಳು ಮಂಜು! ಮತ್ತೆ ಉಜ್ಜಬೇಕಾಗಿತ್ತು. ಅರ್ಧ ದಿನದ ಕೆಲಸ. ಆದರೆ ಅಪ್ಪ ಸಂಜೆಗೆ ಬರುವವರಿದ್ದರು; ಉಜ್ಜಿ, ಬಣ್ಣ ಹೊಡೆದು, ಅದು ಆರುವಷ್ಟರಲ್ಲಿ ನನ್ನ ಗುಟ್ಟು ರಟ್ಟಾಗುತ್ತಿತ್ತು. ಬಟ್ಟೆಯಿಂದ ಒರೆಸಿದೆ, ಬಟ್ಟೆ ಕೆಂಪಾಯಿತು, ಕಬ್ಬಿಣ ಬಿಳಿಯಾಗಲಿಲ್ಲ. ಅದರ ಮೇಲೆಯೇ ಎಪಾಕ್ಸಿ ಕಲಸಿ ಬಳಿದುಬಿಟ್ಟೆ. ಮುಚ್ಚಿದ ಮೇಲೆ ಅಂದವಾಗಿಯೇ ಕಂಡಿತು.

ಅಪ್ಪ ಬಂದು ನೋಡಿ ಬೆನ್ನು ತಟ್ಟಿದರು. ಮರುದಿನ ಎರಡನೆಯ ಲೇಪವೂ ಆಯಿತು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಆ ಮಹನೀಯರಿಗೆ ಅಪ್ಪ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು: “ನಮ್ಮ ಹುಡುಗನೇ ಮಾಡಿದಾನೆ ಸಾರ್. ಬಿ.ಎ. ಓದ್ತಾನೆ. ಹಾಳೇಲಿ ಬರೆದಿರೋದನ್ನೆಲ್ಲ ಓದಿ, ಹಂಗೇ ಮಾಡಿದಾನೆ.”

ಬೈಗುಳವನ್ನಾದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಈ ಮಾತನ್ನು ತಡೆಯಲಾಗಲಿಲ್ಲ. ನಡೆದುದನ್ನೆಲ್ಲ ಹೇಳಿಬಿಟ್ಟೆ.

ಅಪ್ಪ ಮಾತಾಡಲಿಲ್ಲ. ಚಾಕು ತೆಗೆದುಕೊಂಡು ಬಣ್ಣದ ಮೇಲೆ ಅಡ್ಡಡ್ಡಲಾಗಿ ಎರಡು ಗೀರು ಎಳೆದರು. ಅದರ ಮೇಲೆ ಗಟ್ಟಿ ಟೇಪನ್ನು ಒತ್ತಿ ಅಂಟಿಸಿ ಒಮ್ಮೆಗೇ ಕಿತ್ತರು. ಬಣ್ಣ ಟೇಪಿನೊಡನೆ ಎದ್ದು ಬಂತು. ಅದರ ಬೆನ್ನಿಗೆ ಕೆಂಪು ಪುಡಿ. ಅದನ್ನು ನನ್ನ ಅಂಗೈಯಲ್ಲಿಟ್ಟರು.

“ಸಾರ್‌ಗೆ ಇದು ಕಾಣಲ್ಲ ಅಪ್ಪ, ವರ್ಷಗಟ್ಟಲೆ ಕಾಣಲ್ಲ” ಎಂದೆ. ಹಾಗೇಕೆ ಹೇಳಿದೆನೋ ಇಂದಿಗೂ ನಾಚಿಕೆಯಾಗುತ್ತದೆ.

“ಅವರಿಗೆ ಕಾಣಲ್ಲ, ನೀರಿಗೆ ಕಾಣುತ್ತೆ” ಎಂದಷ್ಟೇ ಹೇಳಿ ಅಪ್ಪ ಗ್ರೈಂಡರಿನ ತಂತಿ ಬಿಚ್ಚಿದರು.

ಮತ್ತೆ ಮೊದಲಿನಿಂದ. ಹೊಸ ಡಬ್ಬಿಗಳಿಗೆ ನಮ್ಮದೇ ಹಣ; ಕೂಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಪರೀಕ್ಷೆಯ ಶುಲ್ಕದ ಕೊನೆಯ ದಿನ ಕಳೆಯಿತು. ಅಮ್ಮ ಚೀಟಿಯ ಹಣವನ್ನು ಮೊದಲೇ ಎತ್ತಿ, ದಂಡದೊಡನೆ ಶುಲ್ಕ ಕಟ್ಟಲು ಕೊಟ್ಟಳು. ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಹಗುರವಾಗುತ್ತಿತ್ತು.

ಈ ಸಲ ಬೆಳಿಗ್ಗೆ ಆರಕ್ಕೆ ಶುರುಮಾಡಿ ಮಧ್ಯಾಹ್ನದೊಳಗೆ ಉಜ್ಜಿ ಮುಗಿಸಿದೆವು. ಒದ್ದೆ ಗೆರೆ ಹತ್ತು ನಿಮಿಷಕ್ಕೇ ಆರಿತು. ಅಂಚುಗಳಲ್ಲಿ ಬಣ್ಣ ತೆಳುವಾಗಿ ಹಿಂದೆ ಸರಿಯುವುದರಿಂದ ಮೊದಲು ಅಂಚುಗಳಿಗಷ್ಟೇ ಕುಂಚದಿಂದ ಒಂದು ಗೆರೆ ಎಳೆದು, ಆಮೇಲೆ ಇಡೀ ಮೈಗೆ ಲೇಪ ಕೊಟ್ಟೆವು. ಗುಳಿಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ಆರಿದ ಮೇಲೆ ಉಜ್ಜಿ ನಯ ಮಾಡಿದೆವು. ಅದರ ಮೇಲೆ ಮತ್ತೆ ಲೇಪಗಳು, ಹಾಳೆಯಲ್ಲಿ ಹೇಳಿದ ಅವಧಿ ಮೀರದಂತೆ ಒಂದರ ಹಿಂದೊಂದು. ಅಪ್ಪ ಪ್ರತಿ ಲೇಪಕ್ಕೂ ಮುಂಚೆ ಅಂಗೈಯಿಂದ ಅದರ ಮೈ ಸವರಿ ನೋಡುತ್ತಿದ್ದರು. ನನಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ ರೀತಿಯೇ ಅದು.

ಶೆಡ್ಡಿನಿಂದ ಹೊರಗೆ ತಲೆಯೆತ್ತಿದರೆ ನಮ್ಮ ಮೇಲುಸೇತುವೆ ಕಾಣುತ್ತದೆ. 2021ರ ಡಿಸೆಂಬರಿನಲ್ಲಿ ಅದರ ಒಳಗಿನ ಉಕ್ಕಿನ ಕೇಬಲ್ಲುಗಳಲ್ಲಿ ದೋಷ ಕಂಡುಬಂದು ಸೇತುವೆಯನ್ನೇ ಮುಚ್ಚಿದರು. ಭಾರೀ ವಾಹನಗಳು ಮತ್ತೆ ಮೇಲೆ ಹತ್ತಲು 2024ರ ಜುಲೈವರೆಗೆ ಕಾಯಬೇಕಾಯಿತು. ಅಷ್ಟು ದಿನವೂ ಲಾರಿಗಳ ಹೊಗೆ ಕುಡಿದವರು ನಾವು. ಹೊರಗಿನಿಂದ ನೋಡಿದವರಿಗೆ ಸೇತುವೆ ಭದ್ರವಾಗಿಯೇ ಇತ್ತು. ಕಾಣದ ಕಡೆಯ ಕೆಲಸವನ್ನು ಸರಿಯಾಗಿ ಮಾಡುವವರ ಮೇಲೆ ಒಂದು ಊರು ಎಷ್ಟು ಭಾರ ಹಾಕಿ ನಿಂತಿರುತ್ತದೆಂಬುದು ನನಗೆ ಆ ವಾರ ಸ್ವಲ್ಪ ಅರ್ಥವಾಯಿತು.

ಪರೀಕ್ಷೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಅಂಕಣ ಮತ್ತೆ ಬಂತು. ‘ಕಬ್ಬಿಣಕ್ಕೆ ಬಣ್ಣ ಹೊಡೆಯುವುದು’ ಎಂದು ಬರೆದೆ. ಗುಮಾಸ್ತರು ಒಮ್ಮೆ ನನ್ನ ಮುಖ ನೋಡಿ, ಮೊಹರು ಒತ್ತಿ ಕಳಿಸಿದರು.

ಎರಡು ತಿಂಗಳ ಬಳಿಕ ಆ ಮಹನೀಯರು ನನ್ನ ಫೋನಿಗೆ ಒಂದು ಚಿತ್ರ ಕಳುಹಿಸಿದರು. ಹಿನ್ನೀರಿನ ಮೇಲೆ ಬಿಳಿ ಹಾಯಿ ಗಾಳಿ ತುಂಬಿಕೊಂಡು ವಾಲಿದೆ. ದೋಣಿ ಮಾತ್ರ ಬಿದ್ದಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದ್ರಲ್ಲಿ ನಮ್ಮದೆಲ್ಲಿ?”

“ಅದು ನೀರಿನ ಒಳಗಿದೆ ಅಪ್ಪ. ಕಾಣಲ್ಲ.”

“ಹಂಗಾದ್ರೆ ಸರಿ” ಎಂದು ಅಪ್ಪ ಮುಖಗವಸು ಕಟ್ಟಿಕೊಂಡು ಮುಂದಿನ ಗೇಟಿನ ಕಡೆಗೆ ತಿರುಗಿದರು.