ನಾನೂ ಓಡಿದೆ

ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು ನನಗೇನೂ ಹೊಸದಲ್ಲ. ಮದುವೆಯಾದಾಗಿನಿಂದ ಹಾಗೇ ಎದ್ದು, ಹೆಸರುಬೇಳೆ ಹುರಿದು, ಸೂರ್ಯ ಹುಟ್ಟುವ ಮೊದಲೇ ಹುಗ್ಗಿಯ ನೈವೇದ್ಯ ಮಾಡಿದವಳು. ಆದರೆ ಕಳೆದ ಜನವರಿಯ ಆ ಭಾನುವಾರ ಎದ್ದದ್ದು ಹುಗ್ಗಿಗಲ್ಲ, ಓಡುವುದಕ್ಕೆ! ಐವತ್ತನಾಲ್ಕನೆಯ ವಯಸ್ಸಿನಲ್ಲಿ, ನಮ್ಮ ಹಾಸನದ ಮಾಗಿ ಚಳಿಯಲ್ಲಿ, 10 ಕಿಲೋಮೀಟರು.

“ಹುಗ್ಗಿ ನಾನು ಮಾಡ್ತೀನಿ, ನೀನು ಓಡಿ ಬಾ” ಎಂದರು ನಮ್ಮವರು. ಕುಕ್ಕರಿಗೆ ನೀರು ಸಾಕಷ್ಟು ಹಾಕುತ್ತಾರೋ ಇಲ್ಲವೋ ಎಂಬ ಚಿಂತೆಯನ್ನೂ ಹೊತ್ತುಕೊಂಡೇ ಹೊರಟೆ.

ಇದಕ್ಕೆಲ್ಲ ಮೂಲ ಡಾಕ್ಟರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ದಿನಾ ನಡೆಯಿರಿ ಎಂದರು. ಮಹಾರಾಜ ಪಾರ್ಕಿನಲ್ಲಿ ನಡೆದೆ. ಅಲ್ಲಿ ನಡೆಯುವ ಹೆಂಗಸರ ಗುಂಪಿನಲ್ಲಿ ಸೊಸೆಯರ ಪುರಾಣ ಕೇಳಿ ಕೇಳಿ ಸಾಕಾಗಿ, ತಪ್ಪಿಸಿಕೊಳ್ಳಲೆಂದು ಸ್ವಲ್ಪ ಬಿರುಸಾಗಿ ಹೆಜ್ಜೆ ಹಾಕಿದೆ. ಅದೇ ಬರಬರುತ್ತಾ ಓಟವಾಯಿತು ಎನ್ನಿ.

ಕ್ರೀಡಾಂಗಣದ ಮುಂದೆ ನಿಂತಾಗ ಮೊಬೈಲು 13 ಡಿಗ್ರಿ ತೋರಿಸುತ್ತಿತ್ತು. ಹಿಮ ಬೀಳುವ ದೇಶದವರು ಇದೂ ಒಂದು ಚಳಿಯೇ ಎಂದು ನಕ್ಕಾರು. ನಗಲಿ ಬಿಡಿ, ನನ್ನ ಹಲ್ಲುಗಳಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಚೂಡಿದಾರದ ಪ್ಯಾಂಟು, ಮಗನ ಹಳೆಯ ಟೀ ಶರಟು, ಅದರ ಮೇಲೆ ನಾನೇ ಹೆಣೆದ ಸ್ವೆಟರು, ತಲೆಗೆ ಮಂಕಿ ಕ್ಯಾಪು. ಸುತ್ತ ನಿಂತಿದ್ದ ಹುಡುಗರು ಎದೆಗೆ ನಂಬರಿನ ಚೀಟಿ ಚುಚ್ಚಿಕೊಳ್ಳಲು ಪಿನ್ನು ಸಾಲದೆ ಪರದಾಡುತ್ತಿದ್ದರು. ನನ್ನ ಕರಿಮಣಿ ಸರದಲ್ಲಿ ಪಿನ್ನುಗಳ ಗೊಂಚಲೇ ಇರುತ್ತದಲ್ಲ, ನಾಲ್ವರಿಗೆ ಹಂಚಿದೆ. ಆ ಬೆಳಿಗ್ಗೆ ನನಗೆ ಮೊದಲು ಸಿಕ್ಕ ಮರ್ಯಾದೆ ಅದೇ.

ಸಾಲಗಾಮೆ ರಸ್ತೆಯಲ್ಲಿ ಓಟ. ಮೊದಲನೆಯ ಕಿಲೋಮೀಟರಿನಲ್ಲಿ ಮಂಡಿಗಳು ತುಕ್ಕು ಹಿಡಿದ ಬಾಗಿಲಿನಂತೆ ಮುಷ್ಕರ ಹೂಡಿದವು. ಬಾಯಲ್ಲಿ ಉಸಿರೆಳೆದರೆ ಗಂಟಲಿನಿಂದ ಎದೆಯವರೆಗೂ ಪೆಪ್ಪರಮೆಂಟು ಸವರಿದ ಹಾಗೆ. ಮೂಗು ಸುರಿಯತೊಡಗಿತು. ಸೆರಗಿಲ್ಲದ ಕಷ್ಟ ಏನೆಂದು ಆಗ ತಿಳಿಯಿತು! ಆದರೆ ಎರಡನೆಯ ಕಿಲೋಮೀಟರು ದಾಟುವಷ್ಟರಲ್ಲಿ ಸ್ವೆಟರಿನೊಳಗೆ ಬೆವರು ಕಿತ್ತುಬಂತು. ಚಳಿಯಲ್ಲಿ ಓಡುವವರು, ನಿಂತಾಗ ಸ್ವಲ್ಪ ನಡುಗುವಷ್ಟು ಕಡಿಮೆ ಬಟ್ಟೆ ಹಾಕಬೇಕಂತೆ. ಓಡಲು ಶುರುಮಾಡಿದ ಮೇಲೆ ಮೈ ತಾನೇ ಕಾಯುತ್ತದೆ. ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಸ್ವೆಟರನ್ನು ಸೊಂಟಕ್ಕೆ ಕಟ್ಟಿದೆ. ರಸ್ತೆ ಬದಿಯ ಟೀ ಗಾಡಿಯವನ ಕೈಗೆ ಮಂಕಿ ಕ್ಯಾಪು ಕೊಟ್ಟು, “ವಾಪಸ್ ಬರೋವಾಗ ತಗೋತೀನಪ್ಪಾ” ಎಂದೆ. “ನಿಧಾನಕ್ಕೆ ಬನ್ನಿ ಮೇಡಂ” ಎಂದ. ನಿಧಾನವಾಗಿಯೇ ಬರುತ್ತೇನೆಂದು ಅವನಿಗೂ ಗೊತ್ತಾಗಿತ್ತು.

ಸ್ವೆಟರು ಎಂದಾಗ ನೆನಪಾಯಿತು. 1967ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ಇಪ್ಪತ್ತು ವರ್ಷದ ಹುಡುಗಿ ಓಡಿದಳು. ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ಅರ್ಜಿ ಹಾಕಿದ್ದಳು. ಆ ದಿನ ಹಿಮ ಬೆರೆತ ಮಳೆ, ಕೊರೆಯುವ ಚಳಿ. ಎಲ್ಲರಂತೆ ಅವಳೂ ದೊಗಲೆ ಅಂಗಿ ತೊಟ್ಟಿದ್ದರಿಂದ ಹೆಣ್ಣೆಂದು ತಕ್ಷಣ ಗೊತ್ತಾಗಲಿಲ್ಲ. ಗೊತ್ತಾದ ಕೂಡಲೇ ಓಟದ ಅಧಿಕಾರಿಯೊಬ್ಬ ಓಡಿಬಂದು ಅವಳ 261ನೇ ನಂಬರಿನ ಚೀಟಿ ಕಿತ್ತುಹಾಕಲು ನೋಡಿದ. ಆದರೂ ಓಟ ಮುಗಿಸಿಯೇ ಬಿಟ್ಟಳು. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದಂತೂ 1984ಕ್ಕೆ.

ಈ ಕಥೆ ಓದಿದಾಗ ಆ ಅಧಿಕಾರಿಯ ಮೇಲೆ ಸಿಟ್ಟು ಬಂದಿತ್ತು. ಇಂಜಿನಿಯರಿಂಗ್ ಕಾಲೇಜು ದಾಟಿ, ಮಂಜು ಮುಸುಕಿದ ರಸ್ತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದಾಗ, ಆ ಸಿಟ್ಟು ನನ್ನ ಕಡೆಗೇ ತಿರುಗಿತು.

1999ರಲ್ಲಿ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಬರಿಗಾಲಿನಲ್ಲಿ ಓಡಿ, 800 ಮೀಟರಿನಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಳು. ಜಿಲ್ಲಾ ಮಟ್ಟಕ್ಕೆ ಹೋಗಲು ಅಪ್ಪ ಬಿಡುತ್ತಿಲ್ಲ, ನೀವೊಂದು ಮಾತು ಹೇಳಿ ಮಿಸ್ ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಓಡಿ ಏನು ಮಾಡ್ತೀಯೇ? ಲೆಕ್ಕ ನೋಡ್ಕೋ ಹೋಗು” ಎಂದೆ. ಅವಳು ಹೋದಳು. ಎಸ್ಸೆಸ್ಸೆಲ್ಸಿಯನ್ನೂ ಬರೆಯಲಿಲ್ಲ, ಅದಕ್ಕೆ ಮೊದಲೇ ಮದುವೆ ಮಾಡಿಬಿಟ್ಟರು. ನಾನೇನೂ ಯಾರ ಚೀಟಿಯನ್ನೂ ಕಿತ್ತವಳಲ್ಲ. ತಲೆ ಎತ್ತಲಿಲ್ಲ, ಅಷ್ಟೆ.

ಐದು ಕಿಲೋಮೀಟರಿನ ತಿರುವಿನಲ್ಲಿ ಕೊಟ್ಟ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಚಳಿಗೆ ಬಾಯಾರಿಕೆ ತಿಳಿಯುವುದಿಲ್ಲ, ಕೇಳಿ ಕುಡಿಯಬೇಕು. ಮುಂದಿನದನ್ನು ಹೆಚ್ಚು ಹೇಳಲಾರೆ. ಕಾಲು, ಮಂಡಿ, ಸೊಂಟ ಸರದಿಯಂತೆ ಗೋಳಾಡಿದವು. ಟೀ ಗಾಡಿಯವನು ಕ್ಯಾಪು ಹಿಡಿದು ರಸ್ತೆಗೇ ಬಂದು ನಿಂತಿದ್ದ.

ಕೊನೆಯ ನೀರಿನ ಮೇಜಿನ ಹತ್ತಿರ ನಮ್ಮ ಶಾಲೆಯ ಮಕ್ಕಳಿದ್ದರು. “ಮಿಸ್! ನಮ್ಮ ಮಿಸ್ಸು ಕಣೇ!” ಎಂದು ಕೂಗಿ, ಒಂಬತ್ತನೇ ತರಗತಿಯವಳೊಬ್ಬಳು ಹವಾಯಿ ಚಪ್ಪಲಿಯಲ್ಲೇ ನನ್ನ ಪಕ್ಕ ಓಡತೊಡಗಿದಳು. ನನಗೆ ಏದುಸಿರು, ಅವಳಿಗೋ ಮಾತು ನಿಲ್ಲದು. ನನ್ನನ್ನು ಹುರಿದುಂಬಿಸಲು ಮುಂದೆ ಹೋಗಿ, ತಿರುಗಿ ಬಂದು, ಮತ್ತೆ ಮುಂದೆ ಹೋಗಿ ಒಂದು ಕಿಲೋಮೀಟರನ್ನು ಅವಳು ಎರಡು ಮಾಡಿಕೊಂಡಳು.

“ಸಂಜೆ ಕ್ರೀಡಾಂಗಣಕ್ಕೆ ಅಭ್ಯಾಸಕ್ಕೆ ಹೋಗ್ತೀಯೇನೇ?”

“ಅಪ್ಪ ಬಿಡಲ್ಲ ಮಿಸ್.”

ಒಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಮುಗಿಸಿದೆ. ನನ್ನ ಹಿಂದೆ ಮೂವರಿದ್ದರು. ನಿಂತದ್ದೇ ತಡ, ಬೆವರೆಲ್ಲ ತಣ್ಣಗಾಗಿ ಮತ್ತೆ ನಡುಕ. ಸೊಂಟದ ಸ್ವೆಟರು ಮೈಗೇರಿತು. ಮನೆಗೆ ಬಂದರೆ ಹುಗ್ಗಿಯ ತಳ ಹಿಡಿದಿತ್ತು. ಇಬ್ಬರೂ ಮೇಲಿನದನ್ನು ಕೆರೆದುಕೊಂಡು ತಿಂದೆವು.

ಸೋಮವಾರ ಸಂಜೆ ಆ ಹುಡುಗಿಯ ಮನೆಗೆ ಹೋದೆ. ಅವರಪ್ಪ ಕುರ್ಚಿ ಒರೆಸಿ ಕೊಟ್ಟರು, ಕಾಫಿ ತರಿಸಿದರು, “ನೋಡೋಣ ಮೇಡಂ” ಎಂದರು. ಆಮೇಲೆ ಎರಡು ಸಲ ಹೋಗಿದ್ದೇನೆ, ಇನ್ನೂ ನೋಡುತ್ತಲೇ ಇದ್ದಾರೆ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಮತ್ತೆ ಹೋಗುವವಳಿದ್ದೇನೆ.