ಆಫ್ ಗ್ರಿಡ್ ಅಂದ್ರೆ ನಮ್ಮಮ್ಮನಿಗೆ ಹೊಸದೇನಲ್ಲ

ಹೋದ ವಾರ ಬೆಂಗಳೂರಿನ ಗೆಳೆಯರೊಬ್ಬರು ಫೋನ್ ಮಾಡಿದ್ರು. "ನೀನೇ ಪುಣ್ಯವಂತ ಕಣಯ್ಯ. ಕರೆಂಟ್ ಬಿಲ್ಲಿಲ್ಲ, ನೀರಿನ ಬಿಲ್ಲಿಲ್ಲ. ನಾನೂ ಎರಡೆಕರೆ ತಗೊಂಡು ಆಫ್ ಗ್ರಿಡ್ ಆಗಿ ಇದ್ಬಿಡೋಣ ಅಂತಿದೀನಿ" ಅಂದ್ರು. ಫೋನಲ್ಲಿ ಏನೂ ಹೇಳಕ್ಕಾಗ್ಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ರೆ ಓದಿ.

ನಮ್ಮದು ಪಾವಗಡ ತಾಲ್ಲೂಕು. ತಾತನಿಗೆ ಸರ್ಕಾರದಿಂದ ಮಂಜೂರಾಗಿದ್ದ ಎರಡು ಎಕರೆ ಹತ್ತು ಗುಂಟೆ, ಮಗಳ ಮದುವೆ ಸಾಲಕ್ಕೆ ಬೇರೆಯವರ ಪಾಲಾಗಿತ್ತು. 1978ರ ಪಿಟಿಸಿಎಲ್ ಕಾಯ್ದೆ ಅಡಿ ಅರ್ಜಿ ಹಾಕಿ, ವರ್ಷಗಟ್ಟಲೆ ಅಲೆದು ಬಿಡಿಸ್ಕೊಂಡ್ವಿ. ಆದೇಶ ಕೈಗೆ ಬಂದ ತಕ್ಷಣ ಜಮೀನು ಕೈಗೆ ಬಂತು ಅಂತಲ್ಲ. ಖಾಲಿ ಬಿಟ್ರೆ ರಾತ್ರೋರಾತ್ರಿ ಬದು ಒತ್ತುತ್ತಾರೆ. ಹಂಗಾಗಿ ಅಲ್ಲೇ ಶೀಟಿನ ಮನೆ ಹಾಕಿ ನಾನೂ ಅಮ್ಮನೂ ಹೋಗಿ ಕೂತ್ವಿ. ಪ್ರಕೃತಿ ಮೇಲಿನ ಪ್ರೀತಿಗಲ್ಲ, ಸ್ವಾಧೀನ ಉಳಿಸ್ಕೊಳ್ಳಕ್ಕೆ.

ಪಾವಗಡ ಅಂದ್ರೆ ನಿಮಗೆಲ್ಲ ಸೋಲಾರ್ ಪಾರ್ಕ್ ನೆನಪಾಗುತ್ತೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನಿದ್ದವರು ಗುತ್ತಿಗೆಗೆ ಕೊಟ್ಟು ವರ್ಷಾ ವರ್ಷಾ ಬಾಡಿಗೆ ತಗೋತಾರೆ. ಆ ಹೊಲಗಳಲ್ಲಿ ಕಡ್ಲೆಕಾಯಿ ಕೀಳ್ತಿದ್ದ ಕೂಲಿಯವರಿಗೆ ಕೂಲಿನೂ ಹೋಯ್ತು, ಬಾಡಿಗೆನೂ ಇಲ್ಲ. ಅಷ್ಟು ಕರೆಂಟ್ ಹುಟ್ಟೋ ತಾಲ್ಲೂಕಲ್ಲಿ ನಮ್ಮನೆಗೆ ಒಂದು ಕಂಬ ಬರಲಿಲ್ಲ. ಕಂಬ ನೆಡಬೇಕಂದ್ರೆ ಪಕ್ಕದ ಹೊಲ ದಾಟಬೇಕು. ಆ ಹೊಲದವರು, "ನಿಮ್ ಕೇರೀಲಿ ಕರೆಂಟ್ ಐತಲ್ಲ, ಅಲ್ಲೇ ಇರ್ರಿ" ಅಂದ್ರು. ಆಫೀಸಿನವರು ಒಪ್ಪಿಗೆ ಪತ್ರ ತಗೊಂಡು ಬಾ ಅಂದ್ರು. ಅಲ್ಲಿಗೆ ಕಥೆ ಮುಗೀತು.

ಸರಿ, ನಾನು ಡಿಪ್ಲೊಮಾ ಓದಿದವನಲ್ವಾ, ನಾನೇ ಮಾಡ್ತೀನಿ ಅಂತ ಹೊರಟೆ. ಎರಡು ಪ್ಯಾನಲ್, ಒಂದು 150 ಎಎಚ್ ಬ್ಯಾಟರಿ, ಒಂದು ಇನ್ವರ್ಟರ್. ಸಾಲ ಮಾಡಿ ತಂದಿದ್ದು. ಮೊದಲ ಮುಂಗಾರಿನ ಗಾಳಿಗೇ ಒಂದು ಪ್ಯಾನಲ್ ಕಿತ್ಕೊಂಡು ಹೋಗಿ ಬಂಡೆ ಮೇಲೆ ಬಿತ್ತು. ದುಡ್ಡು ಉಳಿಸಕ್ಕೆ ಅಂತ ಕಾಂಕ್ರೀಟ್ ಹಾಕದೆ ಬರೀ ಕಲ್ಲು ಪೇರಿಸಿ ಸ್ಟ್ಯಾಂಡ್ ನಿಲ್ಸಿದ್ದೆ. ತಪ್ಪು ನಂದೇ.

ಬಿತ್ತಿದ್ದ ಕಡ್ಲೆಕಾಯಿನ ಎರಡೇ ರಾತ್ರೀಲಿ ಕಾಡುಹಂದಿ ಉತ್ತು ಹಾಕಿದ್ವು. ಬೋರ್‌ವೆಲ್ ಕೊರೆಸಿದ್ದಕ್ಕೆ ಬೆರಳು ಗಾತ್ರ ನೀರು ಬಂತು. ನಮ್ಮ ತಾಲ್ಲೂಕಿನ ನೀರು ಗೊತ್ತಲ್ಲ, ಫ್ಲೋರೈಡ್. ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು, ಮಂಡಿ ಮಡಚಕ್ಕಾಗದವರು ಊರೂರಲ್ಲೂ ಇದಾರೆ. ಕುಡಿಯೋ ನೀರಿಗೆ ದಿನಾ ಕ್ಯಾನ್ ಕಟ್ಕೊಂಡು ಊರಿನ ಘಟಕಕ್ಕೆ ಹೋಗ್ಲೇಬೇಕು.

ಅದೇ ನೀರು ಬ್ಯಾಟರೀನೂ ತಿಂತು. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು, ಪೇಟೆಗೆ ಹೋಗಕ್ಕೆ ಪುರುಸೊತ್ತಿರಲಿಲ್ಲ. ಒಂದ್ಸಲ ತಾನೆ ಅಂತ ಬೋರಿನ ನೀರನ್ನೇ ಹುಯ್ದೆ. ಒಂದ್ಸಲ ಅಂದಿದ್ದು ನಾಕ್ಸಲ ಆಯ್ತು. ಅದ್ರಲ್ಲಿರೋ ಲವಣ ಎಲ್ಲ ಪ್ಲೇಟ್‌ಗಳನ್ನ ಹಾಳು ಮಾಡುತ್ತೆ ಅಂತ ಓದಿದ್ದೆ. ಓದಿದ್ದು ಪರೀಕ್ಷೆಗೆ ಮಾತ್ರ ನೋಡಿ. ಆಮೇಲಾಮೇಲೆ ಸಂಜೆ ಏಳಕ್ಕೆ ಹಚ್ಚಿದ ದೀಪ ಎಂಟಕ್ಕೇ ಆರೋದು.

ಅಂಥ ಒಂದು ರಾತ್ರಿ ಅಮ್ಮ ಕತ್ತಲಲ್ಲಿ ಸೌದೆ ಎಳೆಯಕ್ಕೆ ಹೋಗಿ ಕೈಗೆ ಚೇಳು ಕಡಿಸ್ಕೊಂಡ್ಲು. ಕೆಂಚೇಳು. ಕಾಲು ಗಂಟೇಲಿ ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗೆ. ನನ್ನ ಫೋನು ಚಾರ್ಜ್ ಇಲ್ಲದೆ ಸತ್ತಿತ್ತು. ಅಮ್ಮನ್ನ ಬೈಕಲ್ಲಿ ಕೂರಿಸಿ, ನನ್ನ ಸೊಂಟಕ್ಕೆ ಅವಳ ಸೀರೆ ಸೆರಗು ಬಿಗಿದು ಕಟ್ಕೊಂಡು ಹೊರಟ್ರೆ, ಕಾಲುದಾರೀಗೆ ಪಕ್ಕದ ಹೊಲದವರು ಅಡ್ಡ ಹಾಕಿದ್ದ ಜಾಲಿಮುಳ್ಳು. ಬರಿಗೈಲಿ ಎಳೆದು ಹಾಕ್ದೆ. ಆಸ್ಪತ್ರೇಲಿ ಡಾಕ್ಟ್ರು ಬಿಪಿ ನೋಡಿ ಪ್ರಜೋಸಿನ್ ಮಾತ್ರೆ ಕೊಟ್ರು. ಬೆಳಗಿನ ಜಾವಕ್ಕೆ ಅಮ್ಮ ಕಣ್ಣು ಬಿಟ್ಟು, "ಹಂದಿ ಬಂದಿರ್ತವೆ, ಹೊಲಕ್ಕೆ ಹೋಗು" ಅಂದ್ಲು.

ಚೇಳು ಕಡಿತಕ್ಕೆ ಈ ಮಾತ್ರೆ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟವರು ಡಾ. ಹಿಮ್ಮತ್‌ರಾವ್ ಬಾವಸ್ಕರ್. ಅವರು ರೋಗಿಗಳನ್ನ ನೋಡ್ತಿದ್ದ ಊರು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆ ನೀರು ಮುಟ್ಟಿದರಲ್ಲ, ಅದೇ ಮಹಾಡ್.

ಆಸ್ಪತ್ರೆ ಬೆಂಚ್ ಮೇಲೆ ಕೂತು ಅದನ್ನೇ ಯೋಚಿಸ್ತಿದ್ದೆ. ನಿಮಗೆ ಬೇರೆ ಬಾವಿ ತೋಡಿಕೊಳ್ಳಿ ಅಂತ ಬಾಬಾಸಾಹೇಬರು ಹೇಳಿ ಸುಮ್ಮನಾಗಬಹುದಿತ್ತು. ಹೇಳಲಿಲ್ಲ. ಎಲ್ಲರೂ ಕುಡಿಯೋ ಕೆರೆಗೇ ಕರ್ಕೊಂಡು ಹೋದ್ರು. ನಾನು ಮಾಡಿದ್ದೇನು? ಕಂಬ ಕೊಡಲ್ಲ ಅಂದ್ರಾ, ಬೇಡ ಬಿಡಿ, ನಮ್ಮ ಕರೆಂಟ್ ನಾವೇ ಮಾಡ್ಕೋತೀವಿ ಅಂದೆ. ಅದನ್ನ ಸ್ವಾಭಿಮಾನ ಅಂದ್ಕೊಂಡಿದ್ದೆ. ಅವರಿಗೆ ಬೇಕಾಗಿದ್ದೂ ಅದೇ, ನಾವು ಕೇಳದೆ ಇರೋದು.

ಅಮ್ಮನಿಗೆ ಈ ಆಫ್ ಗ್ರಿಡ್ ಅಂದ್ರೇನು ಅಂತ ಬಿಡಿಸಿ ಹೇಳ್ದೆ. "ಕರೆಂಟು, ನಲ್ಲಿ, ರೋಡು ಯಾವ್ದೂ ಇಲ್ದೆ ಬದುಕೋದಾ? ನಾನು ಹುಟ್ಟಿದಾಗಿಂದ ಅದನ್ನೇ ಮಾಡಿದ್ದು. ಅದಕ್ಕೊಂದು ಇಂಗ್ಲಿಷ್ ಹೆಸರು ಬೇರೆ ಐತಾ?" ಅಂದ್ಲು.

ಹಂಗಾಗಿ ಗೆಳೆಯರೇ, ಬೇಡ ಅನ್ನೋಕೆ ಮೊದಲು ನಮ್ಮ ಹತ್ರ ಇರಬೇಕಲ್ವಾ. ಬೆಂಗಳೂರಲ್ಲಿ ಫ್ಲಾಟ್ ಇಟ್ಕೊಂಡು ಎರಡೆಕರೇಲಿ ಕತ್ತಲು ಅನುಭವಿಸೋದು ಬೇರೆ. ಬಿಟ್ಟು ಹೋದ್ರೆ ಜಮೀನೇ ಹೋಗುತ್ತೆ ಅಂತ ಕತ್ತಲಲ್ಲಿ ಕೂರೋದು ಬೇರೆ.

ಮೊನ್ನೆ ಸೋಮವಾರ ದಾರಿಗೂ ಕಂಬಕ್ಕೂ ಮತ್ತೆ ಅರ್ಜಿ ಹಾಕಿದೀನಿ. ಈ ಸಲ ಕೇರಿಯಿಂದ ಹನ್ನೊಂದು ಜನ ಜೊತೆಗೆ ಬಂದಿದ್ರು. ಸ್ವೀಕೃತಿ ತಗೊಂಡೇ ಎದ್ದಿದ್ದು. ಇಂಥ ದಾರಿ ಕೇಸ್ ನಡೆಸಿರೋ ವಕೀಲರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ.

ಹಾಂ, ಸೋಲಾರ್ ಹಾಕೋರು ಹಾಕಿ, ಒಳ್ಳೇದೇ. ಸ್ಟ್ಯಾಂಡಿಗೆ ಕಾಂಕ್ರೀಟ್ ಹಾಕಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹುಯ್ಯಬೇಡಿ. ಚೇಳು ಕಡಿದ್ರೆ ಮಂತ್ರ, ಸೊಪ್ಪು ಅಂತ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ.

ಅಮ್ಮ ಈಗ ಆರಾಮಾಗಿದಾಳೆ. ಜೈಭೀಮ್.