ಒಪ್ಪಿಗೆ ಪತ್ರದ ದಿನಗಳು

ಮಾರ್ಚ್ 27, 2020, ಶುಕ್ರವಾರ

ಮೊನ್ನೆ ಯುಗಾದಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಹೃದಯರೋಗದ ಟ್ರಯಲ್‌ಗಳನ್ನೆಲ್ಲ ನಿಲ್ಲಿಸಿ, ನಮ್ಮಂಥ ರಿಸರ್ಚ್ ನರ್ಸ್‌ಗಳನ್ನು ಕೋವಿಡ್ ವಾರ್ಡಿಗೆ ಹಾಕಿದ್ದಾರೆ. ಕೆಲಸದ ಹೆಸರು ‘ರಿಕವರಿ’. ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ನಡೆಸುವ ಟ್ರಯಲ್. ಪ್ರೋಟೋಕಾಲ್ ಬರೆದ ಒಂಬತ್ತನೇ ದಿನಕ್ಕೇ ಮೊದಲ ರೋಗಿ ಸೇರಿದ್ದಾರೆ. ಒಂದು ಸಹಿಗೆ ತಿಂಗಳುಗಟ್ಟಲೆ ಕಾಯ್ದವಳಿಗೆ ಇದು ನಂಬುವ ಮಾತಲ್ಲ.

ಇದಕ್ಕೆಂದು ಬೇರೆ ಆಸ್ಪತ್ರೆ ಇಲ್ಲ, ಬೇರೆ ರೋಗಿಗಳಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಯಾವ ಆಸ್ಪತ್ರೆಯಲ್ಲಿ ಕೋವಿಡ್ ರೋಗಿ ಮಲಗಿದ್ದಾನೋ ಅಲ್ಲೇ ಟ್ರಯಲ್. ಒಪ್ಪಿದವರ ವಿವರ ಕಂಪ್ಯೂಟರಿಗೆ ಕೊಟ್ಟರೆ ಅದು ಯಾರಿಗೆ ಯಾವ ಔಷಧ ಎಂದು ಹೇಳುತ್ತದೆ: ಎಚ್‌ಐವಿಗೆ ಕೊಡುವ ಲೋಪಿನಾವಿರ್, ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್, ಈಗ ಹೊಸದಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್. ಇಲ್ಲವೇ ಇವು ಯಾವುದೂ ಬೇಡ, ಮಾಮೂಲು ಚಿಕಿತ್ಸೆ ಸಾಕು ಎನ್ನುತ್ತದೆ. ರೋಗಿ ಮನೆಗೆ ಹೋದಾಗ, ತೀರಿಕೊಂಡಾಗ ಅಥವಾ 28 ದಿನ ಆದಾಗ ಒಂದು ಫಾರಂ ತುಂಬಬೇಕು. ಅಷ್ಟೇ ಲೆಕ್ಕ.

ಏಪ್ರಿಲ್ 3, ಶುಕ್ರವಾರ

ಬ್ರಿಟನ್ನಿನ ನಾಲ್ಕೂ ನಾಡುಗಳ ಮುಖ್ಯ ವೈದ್ಯಾಧಿಕಾರಿಗಳು ಸೇರಿ ಡಾಕ್ಟರುಗಳಿಗೆಲ್ಲ ಕಾಗದ ಬರೆದಿದ್ದಾರೆ: ಸಾಧ್ಯವಾದಷ್ಟು ರೋಗಿಗಳನ್ನು ಟ್ರಯಲ್‌ಗೆ ಸೇರಿಸಿ, ಅದರ ಹೊರಗೆ ನಿಮಗೆ ತೋಚಿದ ಔಷಧ ಕೊಡಬೇಡಿ ಎಂದು. ನಮ್ಮ ಹಿರಿಯ ಡಾಕ್ಟರೊಬ್ಬರಿಗೆ ಇದು ಹಿಡಿಸಿಲ್ಲ. “ರೋಗಿ ಸಾಯ್ತಾ ಇರುವಾಗ ಕೈಕಟ್ಟಿ ನಿಲ್ಲಬೇಕಾ?” ಎಂದು ಗೊಣಗಿದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ತೋಚಿದ್ದನ್ನು ಕೊಟ್ಟು, ಬದುಕಿದರೆ ಔಷಧದಿಂದ, ಸತ್ತರೆ ರೋಗದಿಂದ ಎಂದುಕೊಂಡರೆ ಮುಂದಿನ ಹಾಸಿಗೆಗೆ ಬರುವವನಿಗೆ ಏನು ಸಿಕ್ಕಿತು?

ರಾತ್ರಿ ಶಿವಮೊಗ್ಗದಿಂದ ಅಣ್ಣನ ಫೋನು. ಅಲ್ಲಿ ಐಸಿಎಂಆರ್ ಆಗಲೇ ಆಸ್ಪತ್ರೆ ಸಿಬ್ಬಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಹೇಳಿದೆಯಂತೆ. “ನೀನೂ ತಗೋ, ನಿನ್ನ ರೋಗಿಗಳಿಗೂ ಕೊಡು. ಇಲಿ ಮೇಲೆ ಮಾಡೋದನ್ನ ಮನುಷ್ಯರ ಮೇಲೆ ಯಾಕೆ ಮಾಡ್ತೀರಿ? ಖಮ್ಮಂ ಮರೆತ್ಯಾ?” ಎಂದ.

ಮರೆತಿಲ್ಲ. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆಯನ್ನು 2010ರಲ್ಲಿ ಸರ್ಕಾರವೇ ನಿಲ್ಲಿಸಿತು. ಲಸಿಕೆ ಪಡೆದ ಕೆಲವು ಮಕ್ಕಳ ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂದೇ ತನಿಖೆ ಹೇಳಿತು. ಆದರೆ ತಾಯಿತಂದೆ ಹಾಕಬೇಕಾದ ಸಹಿಯನ್ನು ಹಾಸ್ಟೆಲಿನ ವಾರ್ಡನ್‌ಗಳು ಹಾಕಿದ್ದರು. ಬಡವರ ಮಕ್ಕಳನ್ನು ಕೇಳುವುದೇನಿದೆ ಎಂಬ ಆ ಧೋರಣೆಗೆ ಕ್ಷಮೆ ಇಲ್ಲ. ನನ್ನ ಕೆಲಸವೇ ಕೇಳುವುದು ಎಂದೆ. ಅಣ್ಣ ಒಪ್ಪಲಿಲ್ಲ.

ಏಪ್ರಿಲ್ 14, ಮಂಗಳವಾರ

ಹಾಸನದ ಕಡೆಯ ಹಿರಿಯರೊಬ್ಬರು ಬಂದಿದ್ದಾರೆ. ಸೊಸೆಯ ಬಾಣಂತನಕ್ಕೆಂದು ಹೆಂಡತಿಯ ಜೊತೆ ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡರು. ಆಮ್ಲಜನಕದ ಮಾಸ್ಕಿನಲ್ಲಿದ್ದಾರೆ, ಇಂಗ್ಲಿಷು ಬಾರದು. ಮೊದಲು ಕೇಳಿದ್ದು ಬಿಲ್ಲು ಎಷ್ಟಾಗುತ್ತದೆ ಎಂದು. ಕೋವಿಡ್‌ಗೆ ಇಲ್ಲಿ ಹೊರದೇಶದವರಿಗೂ ದುಡ್ಡಿಲ್ಲ ಎಂದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು.

ಎರಡು ಪದರ ಗ್ಲೌಸು, ಗೌನು, ಮುಖದ ಮೇಲೆ ಪ್ಲಾಸ್ಟಿಕ್ಕು. ನನ್ನ ಕಣ್ಣು ಬಿಟ್ಟರೆ ಅವರಿಗೆ ಏನೂ ಕಾಣದು. ಹಾಸಿಗೆಯ ಪಕ್ಕ ಬಗ್ಗಿ ನಿಂತು ಟ್ರಯಲ್ ಬಗ್ಗೆ ಕನ್ನಡದಲ್ಲಿ ಹೇಳಿದೆ.

“ಯಾವ ಔಷಧ ಒಳ್ಳೇದು ಅಂತ ನಿಮಗೇ ಗೊತ್ತಿಲ್ವೇನವ್ವ?”

“ಗೊತ್ತಿಲ್ಲ ಅಪ್ಪಾಜಿ. ತಿಳ್ಕೊಳ್ಳೋಕೇ ಕೇಳ್ತಿರೋದು.”

“ದೊಡ್ಡ ಡಾಕ್ಟರಿಗೂ?”

“ಅವರಿಗೂ ಗೊತ್ತಿಲ್ಲ.”

ಮಾಸ್ಕಿನೊಳಗೇ ಕೆಮ್ಮಿ, ಸುಧಾರಿಸಿಕೊಂಡು, “ಗೊತ್ತಿಲ್ಲ ಅನ್ನೋ ಡಾಕ್ಟರನ್ನ ಇವತ್ತೇ ನೋಡಿದ್ದು” ಎಂದರು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹೇಳುತ್ತದೆ, ನಾನಾಗಲಿ ಡಾಕ್ಟರಾಗಲಿ ಆರಿಸುವ ಹಾಗಿಲ್ಲ ಎಂದೆ. ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗುವುದಿಲ್ಲ, ನಡುವೆ ಬಿಡಬಹುದು ಎಂಬುದನ್ನು ಎರಡು ಸಲ ಹೇಳಿದೆ. ಈ ಮಾತನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಮಗನನ್ನು ಕೇಳಿ ಹೇಳುತ್ತೇನೆ ಎಂದರು. ನಾನೇ ಫೋನು ಹಿಡಿದುಕೊಂಡೆ. ಸಂಜೆ ನಡುಗುವ ಕೈಯಲ್ಲಿ ಕನ್ನಡದಲ್ಲೇ ಸಹಿ ಹಾಕಿದರು. ಸೋಂಕಿನ ಕೋಣೆಯಿಂದ ಕಾಗದ ಹೊರಗೆ ಬರುವಂತಿಲ್ಲ. ಗಾಜಿಗೆ ಒತ್ತಿ ಹಿಡಿದೆ, ಆಚೆ ನಿಂತವಳು ಫೋಟೋ ತೆಗೆದಳು.

ಬಂದದ್ದು: ಮಾಮೂಲು ಚಿಕಿತ್ಸೆ.

ಏಪ್ರಿಲ್ 15, ಬುಧವಾರ

ಮಗನಿಗೆ ಕೆಂಡದಂಥ ಕೋಪ. “ಅಂದ್ರೆ ನಮ್ಮಪ್ಪಂಗೆ ಏನೂ ಕೊಡಲ್ವಾ? ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಮ್ಮ ದೇಶದಿಂದಲೇ ಬರ್ತಿದೆ, ನಮ್ಮವರಿಗೇ ಇಲ್ವಾ?” ಆಮ್ಲಜನಕ, ದ್ರವ, ನಿಗಾ ಎಲ್ಲವೂ ಇದೆ, ಸಿಗದೇ ಇರುವುದು ಉಪಯೋಗವೋ ಅಪಾಯವೋ ಗೊತ್ತಿಲ್ಲದ ಮಾತ್ರೆ ಮಾತ್ರ ಎಂದೆ. ಆ ವಾಕ್ಯ ನನಗೇ ಒಣಒಣ ಎನಿಸಿತು. ಹೆತ್ತವನು ಉಸಿರಿಗೆ ಒದ್ದಾಡುವಾಗ ಮಗ ಇನ್ನೇನು ಕೇಳಿಯಾನು?

ಪಕ್ಕದ ಕೋಣೆಯ ಗುಜರಾತಿ ಹೆಂಗಸು ಖಡಾಖಂಡಿತ ಬೇಡವೆಂದರು. ಆಯಿತು ಎಂದು ಬಂದೆ. ತೀವ್ರ ನಿಗಾ ಘಟಕಗಳಲ್ಲಿ ಮೂರರಲ್ಲಿ ಒಬ್ಬರು ನಮ್ಮಂಥ ಬಿಳಿಯರಲ್ಲದವರು ಎಂದು ಲೆಕ್ಕ ಬಂದಿದೆ. ಸಾಯುವುದರಲ್ಲಿ ಮುಂದೆ, ಟ್ರಯಲ್‌ನಲ್ಲಿ ಹಿಂದೆ. ಅವರ ಅನುಮಾನಕ್ಕೆ ಕಾರಣಗಳಿವೆ ಎಂಬುದೂ ಗೊತ್ತಿದೆ.

ಏಪ್ರಿಲ್ 29, ಬುಧವಾರ

ಹಾಸನದವರು ಮನೆಗೆ ಹೋದರು. ಮೊಮ್ಮಗುವಿನ ನಾಮಕರಣಕ್ಕೆ ಕರೆದಿದ್ದಾರೆ, ಜೂಮ್‌ನಲ್ಲಿ. ಫಾರಂ ತುಂಬಿದೆ. ಅವರು ಬದುಕಿದ್ದರಿಂದ ಯಾವ ಔಷಧದ ಬಗ್ಗೆಯೂ ಏನೂ ಹೇಳುವಂತಿಲ್ಲ. ಅವರೊಬ್ಬರಿಂದ ಏನೂ ತಿಳಿಯುವುದಿಲ್ಲ, ಅವರಂಥ ಸಾವಿರಾರು ಜನರಿಂದ ತಿಳಿಯುತ್ತದೆ.

ಜೂನ್ 5, ಶುಕ್ರವಾರ

ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ. ಕೊಟ್ಟ 1,542 ಜನ, ಕೊಡದ 3,132 ಜನ. 28 ದಿನದೊಳಗಿನ ಸಾವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಆ ಮಗನಿಗೆ ಫೋನು ಮಾಡಿ ಹೇಳೋಣ ಅನ್ನಿಸಿತು, ಮಾಡಲಿಲ್ಲ. ಗೆದ್ದೆ ಎನ್ನುವಂಥ ವಿಷಯವೇ ಇದು? ಅಣ್ಣನಿಗೆ ಮಾತ್ರ ವಾಟ್ಸಾಪಿನಲ್ಲಿ ಸುದ್ದಿ ಕಳಿಸಿದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಜೂನ್ 16, ಮಂಗಳವಾರ

ಡೆಕ್ಸಾ ಕೆಲಸ ಮಾಡುತ್ತದೆ! ವೆಂಟಿಲೇಟರಿನಲ್ಲಿ ಇದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕದಲ್ಲಿ ಇದ್ದವರ ಸಾವು ಐದನೇ ಒಂದರಷ್ಟು ಕಡಿಮೆ. ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನ. ಇವತ್ತೇ ಇಲ್ಲಿ ಎಲ್ಲ ಆಸ್ಪತ್ರೆಗಳಿಗೂ ಅನುಮತಿ ಸಿಕ್ಕಿದೆ. ಕೋವಿಡ್‌ಗೆ ಸ್ಟೀರಾಯ್ಡ್ ಬೇಡ ಎನ್ನುವವರೇ ಮಾರ್ಚಿನಲ್ಲಿ ಹೆಚ್ಚಿದ್ದರು, ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೇ ಹೇಳಿತ್ತು.

ನಗುವೂ ಬಂತು. ನಮ್ಮೂರಿನ ಕಡೆ ಸೈಕಲ್ ಡಾಕ್ಟರು ಜ್ವರಕ್ಕೆ, ಮೈಕೈ ನೋವಿಗೆ, ಎಲ್ಲಕ್ಕೂ ಚುಚ್ಚುತ್ತಿದ್ದದ್ದು ಇದೇ ಡೆಕ್ಸಾ. ಅಣ್ಣ ಈಗ ಅದನ್ನು ಎತ್ತಿ ಆಡದೇ ಬಿಡುವುದಿಲ್ಲ. ಆದರೆ ಉಸಿರಾಟಕ್ಕೆ ನೆರವು ಬೇಡದವರಿಗೆ ಇದರಿಂದ ಪ್ರಯೋಜನವಿಲ್ಲ ಎಂಬುದೂ ಇದೇ ಟ್ರಯಲ್‌ನಲ್ಲಿ ತಿಳಿದದ್ದು. ಸೈಕಲ್ ಡಾಕ್ಟರಿಗೆ ಆ ಅರ್ಧ ಗೊತ್ತಿರಲಿಲ್ಲ. ಡೆಕ್ಸಾ ಪಡೆದವರು 2,104 ಜನ, ಪಡೆಯದೆ ಇದ್ದವರು 4,321. ಹಾಸನದ ಅಪ್ಪಾಜಿಯಂಥವರು ಈ ಎರಡನೆಯ ಲೆಕ್ಕದಲ್ಲಿದ್ದಾರೆ. ಅವರು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಆಗಸ್ಟ್ 18, ಮಂಗಳವಾರ

ಲಸಿಕೆಯ ಟ್ರಯಲ್‌ಗಳಿಗೆ ಬರಲು ಸಿದ್ಧರಿರುವವರ ಹೆಸರನ್ನು ಎನ್‌ಎಚ್‌ಎಸ್ ಬರೆಸಿಕೊಳ್ಳುತ್ತಿದೆ. ಒಂದು ಲಕ್ಷ ದಾಟಿದೆ. 65 ದಾಟಿದವರೂ ನಮ್ಮಂಥ ಏಷ್ಯಾ ಮೂಲದವರೂ ಸಾಕಷ್ಟು ಬಂದಿಲ್ಲ, ಬನ್ನಿ ಎಂದು ಕೇಳುತ್ತಿದ್ದಾರೆ. ಊರಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಮಲಗುವ ಮುಂಚೆ ಹಾಕಿದ್ದು ಇಷ್ಟು:

“ಎಲ್ಲರಿಗೂ ನಮಸ್ಕಾರ. ಹೆಸರು ಬರೆಸಿದ ಮಾತ್ರಕ್ಕೆ ಯಾರೂ ಸೂಜಿ ಚುಚ್ಚುವುದಿಲ್ಲ. ಕರೆ ಬಂದಾಗ ಎಲ್ಲ ಓದಿ, ಅನುಮಾನ ಇದ್ದದ್ದನ್ನೆಲ್ಲ ಕೇಳಿ, ಬೇಡ ಅನ್ನಿಸಿದರೆ ಬೇಡ ಅನ್ನಿ. ಆದರೆ ನಮ್ಮವರ ಮೈಗೆ ಲಸಿಕೆ ಹಿಡಿಯುತ್ತದೋ ಇಲ್ಲವೋ ಎಂದು ನಾಳೆ ಕೇಳುವವರು ಇವತ್ತೇ ಹೆಸರು ಕೊಡಿ. ನಾನು ಕೊಟ್ಟಿದ್ದೇನೆ. ಫಾರಂ ತುಂಬಲು ಬಾರದ ಹಿರಿಯರು ಮನೆಯಲ್ಲಿದ್ದರೆ ಭಾನುವಾರ ಫೋನು ಮಾಡಿಸಿ, ಕನ್ನಡದಲ್ಲೇ ಹೇಳುತ್ತೇನೆ.”